ಗಿರಿಜಕ್ಕ ಹುಡುಕಿಕೊಟ್ಟ ಸಾ

ಆ ಹಾಡಿನ ಕಾರ್ಡ್‌ಗಳನ್ನು — ಒಟ್ಟಿಗೆ ಬಾರಿಸುವ ಸ್ವರಗಳ ಗೊಂಚಲುಗಳನ್ನು — ಕೂಡಿಸಿದ್ದು ನಾನಲ್ಲ. ಹದಿಮೂರು ವರ್ಷ ನಾನೇ ಎಂದು ಹೇಳಿಕೊಂಡು ಓಡಾಡಿದೆ. ಕೂಡಿಸಿದವಳು ಉಣಕಲ್ಲಿನ ಗಿರಿಜಕ್ಕ, ನನ್ನ ಚಿಕ್ಕಪ್ಪನ ಮಗಳು. ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು — ಅವಳಿಗೆ ಇನ್ನೊಂದು ಸುಳ್ಳನ್ನೂ ಹೇಳಿದ್ದೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಆಗ ನಾವು ನಾಲ್ವರು ಗೆಳೆಯರು ಬ್ಯಾಂಡ್ ಕಟ್ಟಿದ್ದೆವು. ನನ್ನದು ಗಿಟಾರು. ಕೈಗೆ ಒಂದು ರಿಫ್ ಸಿಕ್ಕಿತ್ತು — ಹಾಡಿನುದ್ದಕ್ಕೂ ತಿರುತಿರುಗಿ ಬರುವ ಪುಟ್ಟ ತುಣುಕು. ತುಣುಕೇನೋ ಸೊಗಸಾಗಿತ್ತು, ಆದರೆ ಅದರ ಕೆಳಗೆ ಯಾವ ಕಾರ್ಡ್ ಇಟ್ಟರೂ ಕೂಡಲೊಲ್ಲದು. ಅದು ಗಿಟಾರಿನವರು ‘ಇ’ ಎನ್ನುವ ಸ್ವರದಿಂದ ಶುರುವಾಗುತ್ತಿತ್ತು. ಸಣ್ಣವನಿದ್ದಾಗ ಧಾರವಾಡದಲ್ಲಿ ಎರಡು ವರ್ಷ ಗಾಯನದ ಪಾಠಕ್ಕೆ ಹೋಗಿದ್ದೆ. ಅಲ್ಲಿ ದಿನಾ ಸಾ ಹಿಡಿಸಿಯೇ ಶುರು ಮಾಡಿಸುತ್ತಿದ್ದರು. ಹಾಗಾಗಿ ಮೊದಲ ಸ್ವರವೇ ಸಾ ಎಂದು ಹಟ ಹಿಡಿದೆ. ಇ ಮೈನರ್ ಕಾರ್ಡ್ ಬಾರಿಸಿ ಬಾರಿಸಿ ಬೆರಳು ಸವೆದವು. ಹಾಡು ಮಾತ್ರ ಜ್ವರ ಬಂದವರ ಹಾಗೆ ಮುಲುಗುತ್ತಿತ್ತು.

ಗಿರಿಜಕ್ಕ ಓಣಿಯ ಭಜನೆಯಲ್ಲಿ ಪೇಟಿ — ಹಾರ್ಮೋನಿಯಂ — ಬಾರಿಸುತ್ತಿದ್ದಳು. ಗಿಟಾರು ಮುಟ್ಟಿದವಳೇ ಅಲ್ಲ. ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ನನ್ನ ಗೋಳು ಕೇಳಿದಳು, ಕೈ ಒರೆಸಿಕೊಂಡು ಪೇಟಿ ಎಳೆದುಕೊಂಡಳು.

“ನೀ ಬಾರಿಸ್ಕೋತ ಇರು. ನಾ ಒಂದ ಸುರ ಹಿಡ್ಕೊಂಡ ಕುಂದರ್ತೇನಿ.”

ಇ ಹಿಡಿದಳು — ರಿಫ್ ಅಲೆದಾಡಿತು. ಎ ಹಿಡಿದಳು — ಜಗಳಾಡಿತು. ಜಿ ಹಿಡಿದಳು ನೋಡಿ, ತಾನಾಗಿ ಬಂದು ಚಕ್ಕಳಮಕ್ಕಳ ಹಾಕಿ ಕೂತಿತು.

“ಎಲ್ಲಿಂದ ಹೊಂಟೈತಿ ಅಂತ ಏನ ನೋಡ್ತಿ? ಎಲ್ಲಿ ಬಂದ ಕುಂದರ್ತೈತಿ ನೋಡು. ಅದ ನಿನ್ನ ಸಾ.”

ಆಮೇಲೆ ಮೂರು ಮೂರು ಸುರ ಒಟ್ಟಿಗೆ ಒತ್ತಿ, ಯಾವುದು ಎಲ್ಲಿ ಹೊಂದುತ್ತದೆಂದು ತೋರಿಸಿದಳು. ಜಿ, ಸಿ, ಡಿ, ನಡುವೆ ಒಂದೇ ಕಡೆ ಇ ಮೈನರ್. ಅರ್ಧ ತಾಸಿನ ಕೆಲಸ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ. ನಾನು ಮೂರು ವಾರ ಒದ್ದಾಡಿದ್ದೆ — ಹೊಟ್ಟೆ ಉರಿಯಿತು, ಬೇರೇನಿಲ್ಲ.

ರೆಕಾರ್ಡ್ ಕೇಳಿಸದೆ, ಅದನ್ನೇ ಗಿಟಾರಿನಲ್ಲಿ ಬಾರಿಸಿ ತೋರಿಸಿದೆ; ಬ್ಯಾಂಡಿನವರಿಗೆ ಖುಷಿಯೋ ಖುಷಿ. ಡ್ರಮ್ ಬಾರಿಸುವ ಇಮ್ತಿಯಾಜ ಕೇಳಿದ, “ಯಾರ ಕೂಡ್ಸಿದ್ರೋ ಇದನ್ನ? ಕರ್ಕೊಂಡ ಬಾ ಅವರನ್ನ. ಕೀಬೋರ್ಡಿಗೆ ಒಬ್ಬರು ಬೇಕಾಗ್ಯಾರ.”

“ನಾನ,” ಎಂದೆ.

ಗಿರಿಜಕ್ಕ ಕಾಯುತ್ತಿದ್ದಳು. ಬ್ಯಾಂಡಿಗೆ ಬರುವ ಆಸೆ ಅವಳಿಗೂ ಇತ್ತು, ನಾಚಿಕೊಂಡೇ ಕೇಳಿದಳು, “ನನ್ನ ಪೇಟಿ ಕೇಳಿಸಿದ್ಯೇನೋ? ಏನಂದ್ರು?”

“ಭಜನಿಗಾದ್ರ ಸಾಕು, ಇಲ್ಲಿಗೆ ಸಾಲೂದಿಲ್ಲ ಅಂದ್ರಕ್ಕಾ.”

“ಖರೇ ಐತಿ ಬಿಡು,” ಎಂದಳು. ಆ ವರ್ಷವೇ ಭಜನೆಗೆ ಹೋಗುವುದನ್ನೂ ಬಿಟ್ಟಳು. ಆಗಲೂ ನಾನು ನಿಜ ಬಾಯಿಬಿಡಲಿಲ್ಲ — ಹೇಳಲು ಎಷ್ಟೊಂದು ದಿನಗಳಿದ್ದವು.

ಹೋದ ತಿಂಗಳು ಅವಳ ಮಗಳು ಪೇಟಿ ಕಲಿಸೆಂದು ಗಂಟು ಬಿದ್ದಳು. ಗಿರಿಜಕ್ಕ ನನ್ನೆದುರಿಗೇ ಅಂದಳು, “ನನಗ ಬರೂದಿಲ್ಲವಾ. ತಿಳದವರ ಹೇಳ್ಯಾರ.” ಅವತ್ತು ಅವರ ಮನೆಯಲ್ಲಿ ಊಟ ಸೇರಲಿಲ್ಲ.

ಮೊನ್ನೆ ರವಿವಾರ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ತಿರುಗಿ, “ಅಂದ್ರ — ನಾ ಛಲೋ ಬಾರಿಸ್ತಿದ್ನೇನು?” ಎಂದಳು.

“ಭಾಳ ಛಲೋ, ಅಕ್ಕಾ.”

“ನಿನ್ನ ಮಾತ ಹೆಂಗ ನಂಬ್ಲಿ? ನಿನ್ನ ಬ್ಯಾಂಡಿನವರಿಗೆ ಫೋನ್ ಹಚ್ಚು.”

ಸ್ಪೀಕರ್ ಹಾಕಿ ಇಮ್ತಿಯಾಜನಿಗೆ ಹೇಳಿದೆ. ಅವನು ನನ್ನ ಜನ್ಮ ಜಾಲಾಡಿದ. ಆಮೇಲೆ ದನಿ ತಗ್ಗಿಸಿ, “ಅಕ್ಕಾರ, ನಿಮ್ಮಂಥವರನ್ನ ವರ್ಷಗಟ್ಲೆ ಹುಡಿಕೇವ್ರಿ ನಾವು,” ಎಂದ. ಬೈಸಿಕೊಂಡಷ್ಟೂ ನನ್ನ ಎದೆ ಹಗುರಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಮಾತು ಕೇಳಿ ಗಿರಿಜಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು, ನಾನು ತಲೆ ತಗ್ಗಿಸಿದೆ.

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ನಾನೂ ಕೇಳಲಿಲ್ಲ. ಅವಳು ಎದ್ದು ಒಳಬಾಗಿಲ ಕಡೆ ನಡೆದು ಮಗಳನ್ನು ಕರೆದಳು.

“ಬಾರವಾ, ಕುಂದರು. ನನಗ ಬರ್ತೈತಿ.”