ತೂಬು ಮುಚ್ಚಿದ ಮೊರ್ಜಿನಾ

ಮೊರ್ಜಿನಾ ಬೀಬಿ ಸೊಸೆಯಾಗಿ ಚರಗೋಲಾಕ್ಕೆ ಬಂದಾಗ ಒಡ್ಡಿನ ಒಳಗೆ ಭತ್ತದ ಗದ್ದೆ, ಹೊರಗೆ ಖೋಲ್ಪೆಟುವಾ ಹೊಳೆ, ಹೊಳೆಗೂ ಒಡ್ಡಿಗೂ ನಡುವೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲ ಕಾಡು. ಆ ಗದ್ದೆಗಳೂ ಒಂದು ಕಾಲಕ್ಕೆ ಕಾಡೇ ಆಗಿದ್ದವು. ಗಂಡ ಕೆರಾಮತನ ಅಜ್ಜ ಕೊಡಲಿ ಹೊತ್ತು ಬಂದು, ಕಾಂಡ್ಲ ಕಡಿದು, ಒಡ್ಡು ಹಾಕಿ, ಮಳೆನೀರಿನಲ್ಲಿ ಉಪ್ಪು ತೊಳೆದು ಭತ್ತ ಬೆಳೆದವನು.

ಆಮೇಲೆ ಸೀಗಡಿಯ ಕಾಲ ಬಂತು. ಊರಿನ ದೊಡ್ಡ ಕುಳ ಸೊಹರಾಬ್ ಗಾಜಿ ಎಲ್ಲರ ಗದ್ದೆಗಳನ್ನೂ ಗೇಣಿಗೆ ಹಿಡಿದು, ಒಡ್ಡಿನ ತೂಬು ಎತ್ತಿಸಿ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡ. ಒಡ್ಡಿನಾಚೆಯ ಕಾಂಡ್ಲವನ್ನೂ ಕಡಿಸಿ ಅಲ್ಲಿಯೂ ಕೊಳ ತೋಡಿಸಿದ. ಮೊದಲು ಮನೆಮನೆಗೆ ತಗಡಿನ ಮಾಡು ಬಂತು. ಬೇಡ ಎಂದವರು ಯಾರೂ ಇಲ್ಲ, ಮೊರ್ಜಿನಾಳೂ ಅನ್ನಲಿಲ್ಲ. ಬರಬರುತ್ತಾ ತೆಂಗಿನ ಸುಳಿ ಒಣಗಿತು, ಹುಲ್ಲಿಲ್ಲದೆ ಹಸುಗಳನ್ನು ಮಾರಬೇಕಾಯಿತು, ಕುಡಿಯುವ ಕೆರೆ ಉಪ್ಪಾಯಿತು. ಕೊನೆಗೆ ಸೀಗಡಿಗೇ ಬಿಳಿಚುಕ್ಕೆ ರೋಗ ತಗುಲಿ ಕೊಳಗಳು ನಾರತೊಡಗಿದವು. ಸ್ವಂತ ಗದ್ದೆಯಿದ್ದ ಕೆರಾಮತ್ ಅದೇ ಗದ್ದೆಯ ಮೇಲೆ ಗಾಜಿಯ ಕಾವಲುಗಾರನಾಗಿ ಕೂತ. ಅಕ್ಕಿ ಅಂಗಡಿಯಿಂದ ಬರುತ್ತಿತ್ತು.

ಗೇಣಿ ಮುಗಿದ ವರ್ಷ ಮೊರ್ಜಿನಾ ಮನೆಮನೆ ತಿರುಗಿದಳು. ಈ ಸಲ ಗದ್ದೆ ಬಿಟ್ಟುಕೊಡೋದು ಬೇಡ ಎಂದು ಹೆಂಗಸರೆಲ್ಲ ಒಪ್ಪಿದರು, ಗಂಡಸರು ತಲೆ ಕೆರೆದುಕೊಂಡರು. ಆದರೆ ನೀರಿಗೆ ಯಾರ ಗದ್ದೆ ಎಂಬುದು ಗೊತ್ತೇ? ತೂಬು ಎದ್ದರೆ ಎಲ್ಲರದ್ದೂ ಉಪ್ಪು. ಮಾಘದ ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಗಾಜಿ ತನ್ನ ಗದ್ದೆಗಳ ನೆಪದಲ್ಲಿ ತೂಬು ಎತ್ತಿಸುತ್ತಾನೆ ಎಂದು ಎಲ್ಲರಿಗೂ ತಿಳಿದಿತ್ತು.

ಅವತ್ತು ಬೆಳಿಗ್ಗೆಯೇ ಹೆಂಗಸರು ತೂಬಿನ ಕಟ್ಟೆಯ ಮೇಲೆ ಒಲೆ ಹೂಡಿ ಖಿಚುಡಿಗೆ ಎಸರಿಟ್ಟರು. ಬಾಗಿಲು ಎತ್ತುವ ಕಬ್ಬಿಣದ ಹಿಡಿಯನ್ನು ಮೊರ್ಜಿನಾ ಕಿತ್ತು ತನ್ನ ನೀರಿನ ಕೊಡದೊಳಗೆ ಇಳಿಸಿದಳು. ಗಾಜಿ ಆಳುಗಳೊಂದಿಗೆ ಬಂದ.

"ಹಿಡಿ ಎಲ್ಲಿದೆಯಮ್ಮಾ?"

"ನೀರು ಕುಡೀತಾ ಇದೆ ಚಾಚಾ. ಪಾಪ, ಇಷ್ಟು ವರ್ಷ ಬರೀ ಉಪ್ಪೇ ಕುಡಿದಿತ್ತು."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಗಾಜಿಯ ಮುಖ ಕೆಂಪಾಯಿತು. ಹೆಂಗಸರ ಮೈಮುಟ್ಟಲು ಆಳುಗಳು ಹಿಂಜರಿದಾಗ ಅವನು ಕೆರಾಮತನ ಕಡೆ ತಿರುಗಿದ. "ನಿನ್ನ ಹೆಂಡ್ತಿ ತಾನೆ? ಹೋಗಿ ಇಸ್ಕೊಂಡು ಬಾ. ಇಲ್ಲಾಂದ್ರೆ ನಾಳೆಯಿಂದ ಕಾವಲಿಗೆ ಬರಬೇಡ."

ಕೆರಾಮತ್ ಕಟ್ಟೆ ಹತ್ತಿ ಹೆಂಡತಿಯ ಮುಂದೆ ನಿಂತ. ಈ ಮನುಷ್ಯ ಕೊಡಕ್ಕೆ ಕೈ ಹಾಕಿದರೆ ತಡೆಯುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಸ್ವಲ್ಪ ಹೊತ್ತು ಕೊಡ ನೋಡಿದ, ಹೊಳೆ ನೋಡಿದ. ಆಮೇಲೆ ಅವಳ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ.

"ಖಿಚುಡಿಗೆ ಉಪ್ಪು ಹಾಕಿದೀಯಾ?" ಎಂದ.

"ಹಾಕಿದೀನಿ."

"ಸಾಕು. ಇನ್ನು ಬೇಡ."

ಅದನ್ನು ಕೇಳಿ ಒಡ್ಡಿನ ಕೆಳಗೆ ನಿಂತಿದ್ದ ಗಂಡಸರು ಒಬ್ಬೊಬ್ಬರಾಗಿ ಮೇಲೆ ಬಂದರು. ಉಬ್ಬರ ಏರಿತು, ಬಾಗಿಲಿಗೆ ಬಡಿಯಿತು, ಇಳಿದುಹೋಯಿತು. ಗಾಜಿಯೂ ಹೋದ.

ಗೆದ್ದೆವು ಎಂದುಕೊಂಡರೆ ಮಣ್ಣು ಅಷ್ಟು ಬೇಗ ಒಪ್ಪಲಿಲ್ಲ. ಆ ಮಳೆಗಾಲದಲ್ಲಿ ನೆಟ್ಟ ಸಸಿ ಹಳದಿಯಾಗಿ ಮಲಗಿತು. ಅತ್ತೆ ಸಾಬುರನ್ ಜಗಲಿಯಲ್ಲಿ ಕೂತು ಕುಟುಕಿದಳು, "ಸೀಗಡಿನೂ ಹೋಯ್ತು, ಭತ್ತನೂ ಹೋಯ್ತು. ಕೊಡ ತುಂಬ ಹಿಡಿ ಇದೆ, ಬೇಯಿಸಿ ಹಾಕು." ಮರುವರ್ಷ ಮೊರ್ಜಿನಾ ಗದ್ದೆಗದ್ದೆಗೂ ಕಾಲುವೆ ತೋಡಿಸಿದಳು. ಆಷಾಢದ ಮಳೆನೀರನ್ನು ಗದ್ದೆಯಲ್ಲಿ ನಿಲ್ಲಿಸಿ, ಉಪ್ಪು ಕರಗಿದ ಮೇಲೆ ಇಳಿತದ ಹೊತ್ತಿಗೆ ತೂಬಿನಿಂದ ಹೊಳೆಗೆ ಬಿಟ್ಟರು. ಮತ್ತೆ ನಿಲ್ಲಿಸಿದರು, ಮತ್ತೆ ಬಿಟ್ಟರು. ಕೆರಾಮತ್ ದಿನಾ ಮಣ್ಣು ನಾಲಿಗೆಗೆ ಹಚ್ಚಿ ನೋಡುತ್ತಿದ್ದ; ಉಪ್ಪು ವರ್ಷವರ್ಷಕ್ಕೆ ಸ್ವಲ್ಪಸ್ವಲ್ಪವೇ ಇಳಿಯಿತು.

ಇತ್ತ ಕಾಂಡ್ಲವಿಲ್ಲದ ದಡವನ್ನು ಹೊಳೆ ಕಡಿಯುತ್ತಾ ಒಡ್ಡಿನ ಬುಡಕ್ಕೆ ಬಂದಿತ್ತು. ಹೆಂಗಸರು ಮೊಣಕಾಲುದ್ದದ ಕೆಸರಿನಲ್ಲಿಳಿದು ಒಡ್ಡಿನಾಚೆ ಗಾಜಿ ಪಾಳುಬಿಟ್ಟ ಕೊಳಗಳಲ್ಲಿ ಕೇವ್ಡಾ ಎಂಬ ಕಾಂಡ್ಲದ ಸಸಿ ನೆಟ್ಟರು.

"ನಿನ್ನ ಗಂಡನ ಅಜ್ಜ ಕಡಿದಿದ್ದನ್ನ ನೀನು ನೆಡ್ತೀಯಲ್ಲ, ಹುಚ್ಚಿ," ಎಂದಳು ಸಾಬುರನ್.

"ಅಜ್ಜ ಒಳಗಡೆ ಕಡಿದ, ನಾನು ಹೊರಗಡೆ ನೆಡ್ತೀನಿ. ಹೊಳೇದು ಹೊಳೆಗೆ, ನಮ್ಮದು ನಮಗೆ."

ಕೇವ್ಡಾ ಆಳೆತ್ತರ ದಾಟಿ, ಬೇರಿನ ಮೊಳೆಗಳನ್ನು ಕೆಸರಿನಿಂದ ಮೇಲೆತ್ತಿ ದಟ್ಟವಾಗಿ ನಿಂತ ಮೇಲೊಂದು ಜ್ಯೇಷ್ಠದಲ್ಲಿ ಬಿರುಗಾಳಿ ಎದ್ದಿತು. ಹೊಳೆ ಗೋಡೆಯಂತೆ ಎದ್ದು ಬಂತು. ಊರೆಲ್ಲ ಮಣ್ಣುಚೀಲ ಹೊತ್ತು ಒಡ್ಡಿನ ಮೇಲಿತ್ತು. ಬೋಳು ದಡದ ಪಕ್ಕದೂರಿನ ಒಡ್ಡು ಬಾಯಿ ತೆರೆಯಿತು. ಚರಗೋಲಾದಲ್ಲಿ ಅಲೆಗಳು ಕೇವ್ಡಾ ಕಾಡಿಗೆ ನುಗ್ಗಿ, ಅಲ್ಲೇ ಮುರಿದು, ಒಡ್ಡಿನ ಬುಡಕ್ಕೆ ಬರುವಾಗ ಬರೀ ನೊರೆಯಾಗಿದ್ದವು. ಪಕ್ಕದೂರಿನವರು ದೋಣಿಗಳಲ್ಲಿ ಬಂದು ಇದೇ ಒಡ್ಡಿನ ಮೇಲೆ ಆಸರೆ ಪಡೆದರು. ಅವರಲ್ಲಿ ಗಾಜಿಯ ತಂಗಿಯ ಮನೆಯವರೂ ಇದ್ದರು. ಮೊರ್ಜಿನಾ ಅವರಿಗೂ ಚಾಪೆ ಹಾಸಿದಳು.

ಆ ಮಾರ್ಗಶಿರದಲ್ಲಿ ಚರಗೋಲಾ ಹೊಂಬಣ್ಣಕ್ಕೆ ತಿರುಗಿತು. ಕೆರಾಮತ್ ತಲೆಯ ಮೇಲೆ ಹೊರೆ ಹೊತ್ತು, ಯಾರೂ ಕೇಳದಿದ್ದರೂ, ಊರ ನಡುವಿನ ಸುತ್ತುದಾರಿಯಲ್ಲೇ ಮನೆಗೆ ಬಂದ. ಹೊಸಕ್ಕಿಯ ಹಿಟ್ಟು, ಖರ್ಜೂರದ ಬೆಲ್ಲ ಸೇರಿ ಮನೆಮನೆಯಲ್ಲಿ ಪಿಠಾ ಕಡುಬು ಬೆಂದಿತು. ಸಾಬುರನ್ ಮೊದಲನೆಯದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಸೊಸೆ ಕಾದಳು.

"ಬೆಲ್ಲ ಕಮ್ಮಿ," ಎಂದಳು ಅತ್ತೆ, ಮತ್ತೊಂದಕ್ಕೆ ಕೈ ಚಾಚುತ್ತಾ. "ಅಕ್ಕಿ ಮಾತ್ರ ನಮ್ಮ ಗದ್ದೇದೇ ಕಣೆ."