ಬೇಲಿಯಾಚೆಯ ಮಣ್ಣು

ಮೊನ್ನೆ ಯೂನಿಯನ್‌ವಿಲ್‌ನಲ್ಲಿ ನನ್ನ ಮಗಳ ಪಾಟರಿ ಕ್ಲಾಸಿನ ಬಾಗಿಲು ತೆರೆದದ್ದೇ ತಡ, ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿದು ಹೊಸ್ತಿಲಿಂದಲೇ ಹಿಂದೆ ಸರಿದೆ. ಮಣ್ಣಿನ ವಾಸನೆಗೂ ಹೆದರುವವರು ಇರುತ್ತಾರೆಯೇ? ನಾನಿದ್ದೇನೆ.

ಪಿಕರಿಂಗ್‌ನಲ್ಲಿ ನಮ್ಮ ಪಕ್ಕದ ಮನೆಗೆ ಬೆಳಗಾವಿ ಕಡೆಯ ಹಿರಿಯ ಹೆಂಗಸೊಬ್ಬರು ಬಂದಿದ್ದರು; ನಾನು ಅವರನ್ನು ಕಾಕೂ ಎನ್ನುತ್ತಿದ್ದೆ. ಇದ್ದೊಬ್ಬ ಮಗಳ ಜೊತೆ ಈ ದೇಶದಲ್ಲೇ ಕಾಯಂ ಉಳಿಯುವ ಪರವಾನಗಿಗೆ, ಅಂದರೆ ಪಿಆರ್‌ಗೆ ಹಾಕಿ ಕಾಯುತ್ತಿದ್ದರು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತು. ಪೂಜೆಗೆ ಮಣ್ಣಿನ ಎತ್ತು ಮಾಡಬೇಕು. ನಾನು ಅಂಗಡಿಯಿಂದ ಮಣ್ಣಿನ ಚೀಲ ತಂದುಕೊಟ್ಟರೆ ನಕ್ಕುಬಿಟ್ಟರು. “ಚೀಲದಾಗಿನ ಮಣ್ಣು ಯಾ ಹೊಲದ್ದು, ತಂಗಿ?”

ಊರು ಮುಗಿದು ಜೋಳದ ಹೊಲಗಳು ಶುರುವಾಗುವಲ್ಲಿ ಬೇಲಿ ಹಾಕಿದ ಹುಲ್ಲುಗಾವಲೊಂದಿತ್ತು. ಒಬ್ಬರೇ ವಾಕಿಂಗ್ ಹೋದ ಕಾಕೂ ಹಿತ್ತಲಿಗೆ ಹೋದಷ್ಟು ಸಲೀಸಾಗಿ ಬೇಲಿ ನುಸುಳಿ ಸೆರಗಿನ ತುಂಬ ಮಣ್ಣು ತಂದರು.

ಎತ್ತುಗಳು ಚೆಂದವಾಗಿಯೇ ಬಂದಿದ್ದವು… ಮಣ್ಣು ನಾದುವಾಗ ಸಿಕ್ಕಿತೆಂದು ಮಡಕೆಯ ಚೂರೊಂದನ್ನು ತೋರಿಸಿದರು. ಅಂಚಿನಲ್ಲಿ ಉಗುರಿನಿಂದ ಒತ್ತಿದಂಥ ಗೀರುಗಳು. ಮಣ್ಣು ಎಲ್ಲಿಯದೆಂದು ಆಗಲೇ ಕೇಳಿ ತಿಳಿದೆ. ಆ ಬೇಲಿಯ ಬೋರ್ಡನ್ನು ನಾನು ಓದಿದ್ದೆ: ಮೂಲನಿವಾಸಿಗಳ ನೂರಾರು ವರ್ಷ ಹಳೆಯ ಊರು, ರಕ್ಷಿತ ಜಾಗ, ಅಗೆದರೆ ಅಪರಾಧ. ಕಾಕೂಗೆ ಇಂಗ್ಲಿಷ್ ಬರುತ್ತಿರಲಿಲ್ಲ.

“ಕೇಸ್ ಆತಂದ್ರ ಪಿಆರ್ ಹೋತು, ಅವ್ವಾ! ಗಾರ್ಬೇಜಿಗೆ ಹಾಕಿಬಿಡು,” ಎಂದಳು ಕಾಕೂನ ಮಗಳು.

ಹೊರಗೆ ಕಾರು ನಿಂತರೆ ಮೂವರೂ ಕಿಟಕಿಯತ್ತ ನೋಡುತ್ತಿದ್ದೆವು. ಕಾಕೂಗೆ ಅನ್ನ ಸೇರಲಿಲ್ಲ. ಆದರೂ ಎಸೆಯಲಿಲ್ಲ. “ಯಾರದೋ ಒಲಿಮ್ಯಾಲಿನ ಗಡಿಗಿ ಇದು. ಕಸಕ್ಕ ಹ್ಯಾಂಗ ಹಾಕಲಿ?”

ಮರುದಿನ ನನ್ನನ್ನು ಕರೆದುಕೊಂಡು, ಆ ಜಾಗ ನೋಡಿಕೊಳ್ಳುವ ಹೆಂಗಸಿನ ಮುಂದೆ ನಿಂತೇಬಿಟ್ಟರು. ಆಕೆ ಆ ಮೂಲನಿವಾಸಿಗಳ ಕುಲದವಳೇ. ಕಾಕೂ ಚೂರನ್ನೂ ಎತ್ತುಗಳನ್ನೂ ಅವಸರದಲ್ಲಿ ಮುಂದಿಡುವಾಗ ಒಂದು ಎತ್ತಿನ ಕೊಂಬು ಮುರಿಯಿತು. ಆಕೆ ಚೂರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಗೆದ ಜಾಗ ತೋರಿಸಿ ಎಂದಳು. ಪೂಜೆಯಾಗದ ಎತ್ತುಗಳನ್ನು ಕಾಕೂ ತಾವೇ ಪುಡಿ ಮಾಡಿ ಆ ಗುಂಡಿಗೆ ಸುರಿದರು. ಹೊರಡುವಾಗ ಆಕೆ, ನಿಮ್ಮ ಮನೆ ಯಾವುದು ಎಂದು ಕೇಳಿಕೊಂಡಳು.

ಆ ಒಂದು ಪ್ರಶ್ನೆ ಕಾಕೂನನ್ನು ತಿಂದುಹಾಕಿತು. ಬಾಗಿಲು ಬಡಿದರೆ ದೇವರ ಮುಂದೆ ಹೋಗಿ ಕೂರುವರು. ಪೊಲೀಸರು ಬರಲೇ ಇಲ್ಲ. ಯಾರೂ ಕಳಿಸದಿದ್ದರೂ ಚಳಿ ಶುರುವಾಗುವ ಮೊದಲೇ ಅವರು ಊರಿಗೆ ಹೊರಟುಹೋದರು.

ಮುಂದಿನ ಬೇಸಿಗೆಯಲ್ಲಿ ಆ ಜಾಗ ನೋಡಿಕೊಳ್ಳುವ ಹೆಂಗಸು ಮನೆಗೆ ಬಂದಳು. ಚೂರನ್ನು ಮತ್ತೆ ಮಣ್ಣಿಗೆ ಸೇರಿಸುವ ದಿನ ತಮ್ಮವರ ಜೊತೆ ಕಾಕೂ ಕೂಡ ನಿಲ್ಲಲಿ ಎಂದು ಕರೆಯಲು ಬಂದಿದ್ದಳು. ನಾನು ಫೋನಿನಲ್ಲಿ ಹೇಳಿದರೆ ಕಾಕೂ ನಂಬಲಿಲ್ಲ. “ಕರದು ಹಿಡ್ಯಾಕಿರಬೇಕು, ತಂಗಿ… ನಾ ಒಲ್ಲೆ.”

ಹೋದ ವರ್ಷ ಕಾಕೂ ಊರಲ್ಲೇ ತೀರಿಕೊಂಡರು. ಆ ಹೆಂಗಸು ಈಗಲೂ ಅಂಗಡಿಯಲ್ಲಿ ಸಿಕ್ಕಿದಾಗಲೆಲ್ಲ, ನಿಮ್ಮ ಆಂಟಿ ಯಾವಾಗ ಬರುತ್ತಾರೆ ಎಂದು ಕೇಳುತ್ತಾಳೆ. ಕಾಕೂ ಇಲ್ಲವೆಂದು ನಾನಿನ್ನೂ ಹೇಳಿಲ್ಲ.