ದೋಣಿಯ ಅಂಚಿಗೆ ತಗಡೋ ಟಯರೋ

ಕೇಳ್ರಪ್ಪಾ, ಇವತ್ತು ನಮ್ಮ ಹಿತ್ತಲಲ್ಲಿ ದೋಣಿಯ ಅಂಚಿನ ವಿಷಯಕ್ಕೆ ಜಗಳವೇ ಆಯಿತು. ಬೂಕನಕೆರೆ ಕಡೆಯ ಹಿನ್ನೀರಿನಾಚೆಯಿಂದ ಹುಲ್ಲು ತರಲೆಂದು ನಮ್ಮ ಯಜಮಾನರು ತಾವೇ ಮರದ ದೋಣಿ ಮಾಡಿದ್ದಾರೆ. ನಾಳೆ ಬೆಳಿಗ್ಗೆ ನಾನೂ ಅದರಲ್ಲಿ ಕೂರಬೇಕು. ನನಗೆ ಈಜು ಬರುವುದಿಲ್ಲ.

ಬಂಡೆ ತಗುಲಿದರೆ ಹಲಗೆ ಸೀಳಬಾರದೆಂದು ಇವರು ಅಂಚಿಗೆ ಬಡಿಯಲು ತಗಡಿನ ಪಟ್ಟಿ ತಂದಿದ್ದರು. ಇವರ ಗೆಳೆಯ, ಪಂಚರ್ ಹಾಕುವ ರಫೀಕ್, ಹಳೆಯ ಲೂನಾ ಗಾಡಿಯ ಟಯರು ಸೀಳಿ ತಂದಿದ್ದ.

"ತಗಡು ತುಕ್ಕು ಇಡಿತದೆ ಕಣ್ಲಾ, ಟಯರು ಬಡಿ," ಎಂದ ರಫೀಕ್.

"ಸುಮ್ಕಿರ್ಲಾ, ತಗಡೇ ಗಟ್ಟಿ," ಎಂದರು ಇವರು.

ನಾನು ತಡೆಯಲಾರದೆ ಕೇಳಿಬಿಟ್ಟೆ. "ದೋಣಿ ಮಗುಚ್ಕಂಡ್ರೆ ನಾನೇನ ಇಡ್ಕಳ್ಳಿ? ತಗಡು ಕೈ ಕುಯ್ತದೆ, ಟಯರು ಜಾರ್ತದೆ."

"ಅಕ್ಕ ಯೋಳೋದು ಸರಿ ಅದೆ," ಎಂದು ರಫೀಕ್ ಟಯರು ಬಡಿದು, ನಾನು ಕೂರುವ ಕಡೆ ಹಿಡಿದುಕೊಳ್ಳಲು ಒಂದು ಹಗ್ಗದ ಕುಣಿಕೆ ಬಿಗಿದ.

"ನಿಮ್ ಕಡೀಕೆ ಬ್ಯಾಡ್ವಾ? ನಿಮ್ಗೆ ಈಜು ಬತ್ತದೆ ತಾನೆ?" ಎಂದು ಇವರನ್ನು ಕೇಳಿದೆ.

"ಈಜು ಬಂದಿದ್ರೆ ದೋಣಿ ಯಾಕಮ್ಮಿ ಮಾಡ್ತಿದ್ದೆ?"

ಆಮೇಲೆ ನಿಂತು ಸುತ್ತಲೂ ಕುಣಿಕೆ ಕಟ್ಟಿಸಿದೆ. ನಾಳೆ ಹುಲ್ಲು ದಡ ಸೇರದಿದ್ದರೂ ಚಿಂತೆಯಿಲ್ಲ, ನಾವಿಬ್ಬರು ಸೇರಿದರೆ ಸಾಕು.